ಸೂರು ಮುಟ್ಟದ ಗೋಡೆ

ಚೈತ್ರದ ಸಂಜೆ! ಮಾದಿಹಳ್ಳಿಯ ತೆಂಗಿನ ತೋಟಗಳ ಮೇಲಿಂದ ಹೊಂಬಿಸಿಲು ಮೆಲ್ಲಮೆಲ್ಲನೆ ಜಾರುತ್ತಾ, ಕೊಯ್ಲಾದ ಗದ್ದೆಬಯಲಿನ ಮೇಲೆ ಅರುಣಕಾಂತಿಯ ತೆಳುಪರದೆಯನ್ನು ಹಾಸುತ್ತಾ, ಹಳೇಬೀಡಿನಿಂದ ಬಂದ ಬಸ್ಸಿನ ಧೂಳನ್ನೂ ಕ್ಷಣಕಾಲ ಕುಂಕುಮವರ್ಣಕ್ಕೆ ತಿರುಗಿಸಿ ಮರೆಯಾಗುವ ಆ ಹೊತ್ತು… ಎಂಥ ಕಲ್ಲೆದೆಯನ್ನೂ ಕರಗಿಸುವಂಥದ್ದು. ಆದರೆ ಸಹೃದಯರೇ, ಬಸ್ಸಿನಿಂದಿಳಿದ ಮಾಲಿನಿಯ ಕಣ್ಣಿಗೆ ಆ ಸೊಬಗೊಂದೂ ಬೀಳಲಿಲ್ಲ. ಅವಳಿಗೆ ಮನೆಗೆ ಹೋಗಲು ಮನಸ್ಸೇ ಇರಲಿಲ್ಲ.

ಹಳೇಬೀಡಿನ ಶಾಲೆಯಲ್ಲಿ ಪಾಠ ಹೇಳುವ ಮಾಲಿನಿ, ಬೇಲೂರಿನಲ್ಲಿ ಗುಮಾಸ್ತನಾಗಿದ್ದ ಧರ್ಮೇಶನ ಕೈಹಿಡಿದು ಈ ಮನೆಗೆ ಬಂದದ್ದು ಕಳೆದ ಮಾಘದಲ್ಲಿ. ಅವಳು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಅಲ್ಲಿ ಬಾಗಿಲು ಹಾಕಿಕೊಂಡರೆ ಕೋಣೆಯೇ ಒಂದು ಲೋಕ. ಇಲ್ಲಿಯೋ, ಕೋಣೆಗೂ ನಡುಮನೆಗೂ ಮಧ್ಯದ ಮಣ್ಣಿನ ಗೋಡೆ ಆಳೆತ್ತರ ದಾಟಿ ಅಲ್ಲಿಗೇ ನಿಂತುಬಿಟ್ಟಿತ್ತು. ಅದರ ಮೇಲೆ ಹೆಂಚಿನವರೆಗೂ ಬರೀ ಬಯಲು. ಹಗಲಲ್ಲಿ ಅದೊಂದು ವರವೇ ಸರಿ! ನಡುಮನೆಯ ಗಾಜಿನ ಹೆಂಚಿನಿಂದಿಳಿದ ಬೆಳಕು ಗೋಡೆ ದಾಟಿ ಕೋಣೆಗೆ ಬರುತ್ತಿತ್ತು, ಗಾಳಿಯೂ ಬರುತ್ತಿತ್ತು, ಕೆಮ್ಮಣ್ಣು ಬಳಿದ ಆ ಗೋಡೆಗೆ ಬೆನ್ನು ಕೊಟ್ಟರೆ ಉರಿಬಿಸಿಲಿನ ಆಯಾಸವೆಲ್ಲ ಇಳಿದುಹೋಗುತ್ತಿತ್ತು.

ಸಂಜೆಯಾದರೆ ಮಾತ್ರ ಆ ಬಯಲೇ ಎಂದೂ ಮುಚ್ಚದ ಕಿವಿಯಂತೆ ಅವಳನ್ನು ಕಾಡುತ್ತಿತ್ತು. ಅತ್ತೆ ಗಿಡ್ಡಮ್ಮನ ಕೆಮ್ಮು, ಬಳೆಯ ಸದ್ದು… ಎಲ್ಲವೂ ಈಚೆಗೆ ಕೇಳುತ್ತಿತ್ತು! ಅಂದಮೇಲೆ ತಮ್ಮದೆಲ್ಲವೂ ಆಚೆಗೆ! ಸಾಲದೆಂಬಂತೆ, ಗಂಡಹೆಂಡತಿ ಕೋಣೆಗೆ ಕಾಲಿಟ್ಟರೆ ಸಾಕು, ಗಿಡ್ಡಮ್ಮ ರೇಡಿಯೋವನ್ನು ಕಿವಿ ಕಿತ್ತುಹೋಗುವಂತೆ ಹಾಕುತ್ತಿದ್ದಳು. ನಾವಿಬ್ಬರು ಜೊತೆಗಿರುವುದೇ ಇವರಿಗೆ ಸೇರದು ಎಂದು ಮಾಲಿನಿ ತೀರ್ಮಾನಿಸಿಬಿಟ್ಟಳು. ಧರ್ಮೇಶನೋ ತುಟಿ ಅಲುಗಿಸಿ ಏನೋ ಗುನುಗಿ ಸುಮ್ಮನಾಗುತ್ತಿದ್ದ. ಇವನಿಗೆ ನಾನು ನಿಜಕ್ಕೂ ಬೇಕೇ? ಆ ಸಂಶಯ ಅವಳನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ, ಕೂತಲ್ಲಿ ಕೂರಗೊಡಲಿಲ್ಲ.

ಆ ಸಂಜೆ ಅವಳು ಹೇಳಿಯೇಬಿಟ್ಟಳು: “ರೀ, ಗೋಡೆ ಸೂರಿನ ತನಕ ಏರಿಸಿ. ಇಲ್ದಿದ್ರೆ ನಾನು ಅರಸೀಕೆರೆಗೆ ಹೋಗ್ತೀನಿ, ಅಲ್ಲಿಂದಲೇ ಸ್ಕೂಲಿಗೆ ಓಡಾಡ್ತೀನಿ.”

ಧರ್ಮೇಶನ ಮುಖ ಬಾಡಿತು. ಮರುದಿನವೇ ಗಾರೆ ಕೆಲಸದ ಮರಿಯಣ್ಣನನ್ನು ಕರೆಸಿದ. ಇಟ್ಟಿಗೆ ಏರಿತು, ಗೋಡೆ ಸೂರು ಮುಟ್ಟಿತು. ಗಿಡ್ಡಮ್ಮ ತಾನೇ ಕೆಮ್ಮಣ್ಣು ಕಲಸಿ ಹೊಸ ಇಟ್ಟಿಗೆಗೆ ಬಳಿದಳು.

ಬಯಸಿದ್ದ ಏಕಾಂತದ ಮೊದಲ ಸಂಜೆ! ಆದರೆ ಎಲ್ಲಿ ಬೆಳಕು, ಎಲ್ಲಿ ಗಾಳಿ? ಹಸಿ ಸಿಮೆಂಟಿನ ವಾಸನೆ ಮೂಗಿಗೆ ಅಡರುತ್ತಿತ್ತು, ಹಣೆಯಲ್ಲಿ ಬೆವರು ಸಾಲಿಟ್ಟಿತು. ಧರ್ಮೇಶ “ಮಾಲಿನಿ…” ಎಂದ. ಅವನ ದನಿ ಗೋಡೆಗೆ ಬಡಿದು, ಬೇರೆ ಯಾರದೋ ದನಿಯಂತೆ ಮರಳಿತು. ಅವನು ಬೆಚ್ಚಿ ಬಾಯಿ ಮುಚ್ಚಿಕೊಂಡ. ಇಬ್ಬರೂ ರೈಲು ಕಾಯುವ ಅಪರಿಚಿತರಂತೆ ಕೂತರು. ಆಗಲೇ ಅವಳಿಗೆ ಹೊಳೆದದ್ದು, ರೇಡಿಯೋ ಮೌನವಾಗಿತ್ತು! ತಡೆಯಲಾರದೆ ಎದ್ದು ಹೊರಗೆ ಬಂದಳು.

ಗಿಡ್ಡಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

“ಇವತ್ತು ರೇಡಿಯೋ ಹಾಕ್ಲಿಲ್ವಾ ಅತ್ತೆ?”

“ಇನ್ಯಾಕವ್ವ, ಗೋಡೆ ಎದ್ದೈತಲ್ಲ. ನಿಮ್ಮಿಬ್ರ ಮಾತು ನನ್ ಕಿವಿಗೆ ಬೀಳಬಾರ್ದು ಅಂತ ಹಾಕ್ತಿದ್ದೆ. ನಮ್ಮತ್ತೆ ನನಗೋಸ್ಕರ ಹೊತ್ತು ಮುಳುಗಿದ್ಮೇಲೂ ರಾಗಿ ಬೀಸೋಳು. ಈಗ ಬೀಸೋ ಕಲ್ಲು ಯಾರ್ ತಿರುಗಿಸ್ತಾರೆ? ಆ ರೇಡಿಯೋ ಗಲಾಟೆಗೆ ನನ್ ತಲೆ ಸಿಡಿಯೋದು ಕಣವ್ವ… ಹೋಗು, ಮಾತಾಡ್ಕೋ ಹೋಗು.”

ಮಾಲಿನಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. ಇಷ್ಟು ದಿನ ಮಮತೆಯನ್ನೇ ಹಗೆಯೆಂದುಕೊಂಡೆನಲ್ಲ! ಅವಳು ಅತ್ತೆಯ ಪಕ್ಕ ಕೂತು ಹುಣಸೆಹಣ್ಣಿಗೆ ಕೈ ಹಾಕಿದಳು. ಕಣ್ಣು ತುಂಬಿ ಬಂತು.

“ಅಳಾದ್ಯಾಕವ್ವ?”

“ಒಳಗೆ ಸೆಕೆ ಅತ್ತೆ,” ಎಂದಳು.

ಮರುದಿನ ಮರಿಯಣ್ಣ ಮತ್ತೆ ಬಂದ. “ಕಟ್ಟು ಅಂತೀರ, ಕೆಡವು ಅಂತೀರ, ಏನ್ ಮೇಡಮ್ಮೋರೆ!” ಎಂದು ಗೊಣಗುತ್ತಲೇ ಹೊಸ ಇಟ್ಟಿಗೆಗಳನ್ನೆಲ್ಲ ಇಳಿಸಿದ. ಸಂಜೆಯ ಬೆಳಕು ತವರಿಗೆ ಬಂದ ಮಗಳಂತೆ ಗೋಡೆ ದಾಟಿ ಒಳಗೆ ಬಂತು. ಮಾಲಿನಿ ತಾನೇ ರೇಡಿಯೋ ಹಾಕಿದಳು, ಅತ್ತೆಯ ತಲೆ ನೋಯದಷ್ಟು ಮೆಲ್ಲಗೆ.

ಧರ್ಮೇಶ ಅವಳ ಕಿವಿಯ ಬಳಿ ಬಾಗಿದ. “ನೀನು ಅರಸೀಕೆರೆಗೆ ಹೋಗ್ತೀನಿ ಅಂದಾಗಿಂದ ನನಗೆ ಅನ್ನ ಇಳೀತಿಲ್ಲ. ನೀನಿಲ್ದೆ ಈ ರೂಮು ಯಾಕೆ ನನಗೆ?”

“ಇಂಥ ಮಾತು ಮೊದಲೇ ಆಡಬಾರದಿತ್ತಾ?”

“ದಿನಾ ಆಡ್ತಿದ್ದೆ. ಅಮ್ಮನ ರೇಡಿಯೋ ಬಂದ ಕೂಡಲೇ ನೀನು ಸಿಟ್ಟಲ್ಲಿ ಆ ಕಡೆ ತಿರುಗ್ತಿದ್ದೆ.”

ಮಾಲಿನಿ ನಕ್ಕಳು, ಬಾಯಿಗೆ ಸೆರಗು ಒತ್ತಿ ಹಿಡಿದರೂ ನಗು ಗೋಡೆ ದಾಟಿತು. ಆಚೆಗೆ ಬಳೆಯ ಸದ್ದಾಯಿತು. ರೇಡಿಯೋದ ದನಿ ಒಮ್ಮೆಲೇ ಏರಿತು! ಸಹೃದಯರೇ, ಪ್ರೇಮವೆಂದರೆ ಆಡಿದ ಮಾತಷ್ಟೇ ಎಂದುಕೊಳ್ಳುತ್ತೇವೆ. ತಲೆ ಸಿಡಿಯುತ್ತಿದ್ದರೂ ನಮ್ಮ ಮಾತನ್ನು ನಮಗೇ ಬಿಟ್ಟುಕೊಟ್ಟು, ಆಚೆ ಮುಖ ಮಾಡಿ ಹುಣಸೆಹಣ್ಣು ಬಿಡಿಸುತ್ತ ಕೂತವರದೂ ಪ್ರೇಮವೇ…