ಫಿಟ್ ಅಂತ ಬರೀರಿ, ಸಿಸ್ಟರ್

ಜಹೀರಾಬಾದಿನ ಮೈದಾನದಲ್ಲಿ ಬಾಲಕಿಯರ ಹಾಕಿ ಫೈನಲ್, ನಾರಾಯಣಖೇಡಕ್ಕೂ ತಾಂಡೂರಿಗೂ. ರಾಯಿಕೋಡಿನಿಂದ ಡ್ಯೂಟಿಗೆ ಬಂದ ನರ್ಸ್ ಶಿಲ್ಪಾರಾಣಿಯನ್ನು ಮೈಕಿನಲ್ಲಿ ‘ವೈದ್ಯಕೀಯ ತಂಡ’ ಎಂದು ಸ್ವಾಗತಿಸಿದ್ದರು. ತಂಡವೆಂದರೆ ಅವಳು, ಒಂದು ಪ್ಲಾಸ್ಟಿಕ್ ಕುರ್ಚಿ, ಅರ್ಧ ಡಬ್ಬಿ ಹತ್ತಿ. ಅವಳ ಐಸ್ ಪೆಟ್ಟಿಗೆಯಲ್ಲಿ ಮುಖ್ಯ ಅತಿಥಿಗಳ ಹೂಮಾಲೆ ತಣ್ಣಗೆ ಮಲಗಿತ್ತು. ಐಸು ಹೊರಗೆ ಬಿಸಿಲಲ್ಲಿ ಕರಗುತ್ತಿತ್ತು.

ಮೊದಲರ್ಧದ ಕೊನೆಗೆ ನಾರಾಯಣಖೇಡದ ಭಾಗ್ಯ ಚೆಂಡಿನ ಹಿಂದೆ ಓಡಿ ಗೋಲಿನ ಕಂಬಕ್ಕೆ ತಲೆ ಬಡಿದುಕೊಂಡಳು. ಎದ್ದವಳೇ ನೆಟ್ಟಗೆ ಹೋಗಿ ತಾಂಡೂರಿನ ಹುಡುಗಿಯರ ಸಾಲಿನಲ್ಲಿ ನಿಂತಳು.

ಶಿಲ್ಪಾರಾಣಿ ಓಡಿಹೋಗಿ ಅವಳನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. “ಯಾವ ಊರಾಗ ಆಡಾಕತ್ತಿ, ತಂಗಿ?”

“ಕಲ್ಹೇರ್.” ಅದು ಅವಳ ಮನೆಯ ಕಡೆಯ ಊರು.

“ಗೋಲ್ ಯಾರ್ ಹೊಡದ್ರು?”

“ಯಾರ್ರಿ?” ಎಂದಳು ಭಾಗ್ಯ. ಹೊಡೆದವಳು ಅವಳೇ.

ಕೋಚ್ ಸಿದ್ದರಾಮ ಮಾಸ್ತರು ಅವಳ ಮುಖಕ್ಕೆ ನೀರು ಚಿಮುಕಿಸಿದರು. “ಏನೂ ಆಗಿಲ್ರಿ ಸಿಸ್ಟರ್. ಕುರಿ ಸಾಕೋರ ಪೋರಿ, ಟಗರಿನಂಥ ತಲಿ ಅದ. ಫಿಟ್ ಅಂತ ಬರೀರಿ.”

“ಟಗರಿಗಿ ನಾಳಿ ಸಾಲಿ ಇರಾಂಗಿಲ್ರಿ ಸಾರ್. ಇಕಿಗಿ ಅದ. ಇವತ್ತು ಆಟ ಸಾಕು.”

ಮಾಸ್ತರು ಸಮಿತಿಯ ಅಧ್ಯಕ್ಷ ನರಸಿಂಹುಲುವನ್ನು ಕರೆತಂದರು. ಬಿಳಿ ಬೂಟು, ಬಿಳಿ ಪ್ಯಾಂಟು. “ಒಂದ್ ಸೈ ಮಾಡಾಕ ಇಷ್ಟೊತ್ತು ಬೇಕೇನ್ರಿ? ಚೀಫ್ ಗೆಸ್ಟ್ ಬಂದು ಕುಂತಾರ.”

“ನಿಮಗೂ ಅಂಥಾದೇ ಪ್ರಶ್ನಿ ಕೇಳ್ತೀನ್ರಿ. ಯಾವ್ಯಾವ ಊರು ಆಡಾಕತ್ತಾವ?”

ಅಧ್ಯಕ್ಷರ ಕಣ್ಣು ಬ್ಯಾನರಿಗೆ ಹೋಯಿತು. ಅಲ್ಲಿ ಅವರದೇ ಫೋಟೋ ಎಷ್ಟು ದೊಡ್ಡದಿತ್ತೆಂದರೆ ಊರುಗಳ ಹೆಸರಿಗೆ ಜಾಗ ಉಳಿದಿರಲಿಲ್ಲ.

“ಗೋಲ್ ಎಷ್ಟಾಗ್ಯಾವ?”

“ಬಾಳ ಆಗ್ಯಾವ.”

“ಹಂಗಾದ್ರ ನೀವೂ ಆಡಾಂಗಿಲ್ರಿ.”

ಅವರ ಮುಖ ಕೆಂಪಾಯಿತು. “ನಿಮ್ಮ ಮ್ಯಾಲಿನೋರಿಗಿ ಫೋನ್ ಮಾಡ್ತೀನಿ!”

ಶಿಲ್ಪಾರಾಣಿಯದು ಗುತ್ತಿಗೆಯ ನೌಕರಿ, ಒಂದು ಫೋನಿಗೆ ಹೋಗುವಂಥದು. ಆದರೂ “ಮಾಡ್ರಿ” ಎಂದು ‘ಆಡುವಂತಿಲ್ಲ’ ಎಂದೇ ಬರೆದು ಸಹಿ ಹಾಕಿದಳು. ಅಷ್ಟರಲ್ಲಿ ಭಾಗ್ಯ ಬಗ್ಗಿ ಆ ಬಿಳಿ ಬೂಟುಗಳ ಮೇಲೆ ವಾಂತಿ ಮಾಡಿಕೊಂಡಳು. ನರ್ಸಿನ ಬಾಯಿಂದ ತಲೆಗಿಳಿಯದ ವೈದ್ಯಶಾಸ್ತ್ರ ಬೂಟಿನಿಂದ ತಕ್ಷಣ ತಲೆಗೇರಿತು. “ಅಂಬುಲೆನ್ಸ್! ಅಂಬುಲೆನ್ಸ್!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಅಧ್ಯಕ್ಷರೇ.

ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಆದರೆ ಮೆದುಳಿಗೆ ಪೆಟ್ಟಾಗಿದೆ, ಮೊದಲು ವಿಶ್ರಾಂತಿ; ಆಮೇಲೆ ನಡಿಗೆ, ಹಗುರ ಓಟ, ಒಬ್ಬಳೇ ಸ್ಟಿಕ್ ಹಿಡಿಯುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ; ತಲೆನೋವು ಬಂದರೆ ಒಂದು ಮೆಟ್ಟಿಲು ಹಿಂದಕ್ಕೆ ಎಂದರು ಡಾಕ್ಟರು. ಫೈನಲ್ ಅನ್ನು ತಾಂಡೂರು ಗೆದ್ದಿತು.

ಐದನೆಯ ದಿನವೇ ಮಾಸ್ತರು ಬೈಕೇರಿ ಕಲ್ಹೇರ್ ಹತ್ತಿರದ ಭಾಗ್ಯಳ ಮನೆಗೆ ಹೋದರು. “ಪ್ರಾಕ್ಟೀಸಿಗಿ ಕಳಸ್ರಿ ಅಕ್ಕಾ. ಪೋರಿ ಛೊಲೋ ಕಾಣ್ತಾಳ.”

ಕುರಿಮರಿಗೆ ಸೊಪ್ಪು ಹಾಕುತ್ತಿದ್ದ ತಾಯಿ ಸಾಬಮ್ಮ ತಲೆ ಎತ್ತಲಿಲ್ಲ. “ಹೊರಗಿಂದ ನೀವೂ ಛೊಲೋನೇ ಕಾಣ್ತೀರಿ, ಮಾಸ್ತರ್ರೆ. ಡಾಕ್ಟರ್ ಹೇಳಿದ ದಿನ ಕಳಸ್ತೀನಿ.”

ಓಟದ ಮೆಟ್ಟಿಲಲ್ಲಿ ಒಮ್ಮೆ ತಲೆ ನೋಯಿತು. ಭಾಗ್ಯ ಮುಚ್ಚಿಡದೆ ಶಿಲ್ಪಾರಾಣಿಗೆ ಫೋನ್ ಮಾಡಿ, ಅತ್ತು, ಮತ್ತೆ ನಡಿಗೆಗೆ ಇಳಿದಳು. ಡಾಕ್ಟರು ಆಡಲು ಒಪ್ಪಿಗೆ ಕೊಡುವಷ್ಟರಲ್ಲಿ ತಿಂಗಳು ಕಳೆದಿತ್ತು.

ತಾಂಡೂರಿನಲ್ಲಿ ನಡೆದ ಮುಂದಿನ ಪಂದ್ಯಕ್ಕೆ ಸಮಿತಿ ‘ಹೊಂದಿಕೊಂಡು ಹೋಗುವ’ ಬೇರೆ ನರ್ಸನ್ನು ಕೇಳಿ ಪಡೆಯಿತು. ಶಿಲ್ಪಾರಾಣಿ ರಜೆ ಹಾಕಿ, ಬಸ್ಸು ಹತ್ತಿ ಹೋಗಿ, ಜನರ ನಡುವೆ ಕೂತಳು. ಸಿದ್ದರಾಮ ಮಾಸ್ತರು ಆಟ ಶುರುವಾದ ಮೇಲೂ ಮೈಕು ಬಿಡದೆ, ಆಟಗಾರ್ತಿಯರ ಆರೋಗ್ಯವೇ ತಮ್ಮ ಉಸಿರೆಂದು ಕಾಲು ಗಂಟೆ ಮಾತಾಡಿದರು. ಅವಳು ಕೇಳಿಸಿಕೊಳ್ಳಲಿಲ್ಲ, ಬಲಗಡೆಯಿಂದ ಭಾಗ್ಯ ಚೆಂಡು ತಳ್ಳಿಕೊಂಡು ಓಡಿ ಬರುತ್ತಿದ್ದಳು.