ಎತ್ತಿದ ಕೈ
ಮೂರನೇ ಸಾಲಿನಲ್ಲಿ, ಕಿಟಕಿ ಪಕ್ಕ, ಎತ್ತಿದ ಅಷ್ಟೊಂದು ಕೈಗಳ ನಡುವೆ ಒಂದು ಕೈ, ತೋಳು ಮಡಚಿದ ಬಿಳಿ ಅಂಗಿ, ಪಾಪ ಯಾರೋ ಮುದುಕರು, ಸರಿಯಾಗಿ ಕೇಳಿಸಿಲ್ಲ, ವಿರೋಧ ಇರೋರು ಕೈ ಎತ್ತಿ ಅಂದಾಗ ಎತ್ತಿಬಿಟ್ಟಿದ್ದಾರೆ ಅಂದುಕೊಳ್ಳುತ್ತೇನೆ, ಆಮೇಲೆ ಆ ಮಣಿಕಟ್ಟು, ಸ್ಟಿಯರಿಂಗ್ ಹಿಡಿದು ಹಿಡಿದು ಒಂದು ಕಡೆ ವಾಲಿದ ಆ ಹೆಬ್ಬೆರಳು — ಅಪ್ಪ, ಅದು ನಮ್ಮಪ್ಪ. ಬೆಳಿಗ್ಗೆ ಇದರ ಬಗ್ಗೆ ಒಂದು ಮಾತೂ ಬಾಯಿ ಬಿಡಲಿಲ್ಲವಲ್ಲ, ನನ್ನ ನರ್ಸ್ ಯೂನಿಫಾರಂಗೆ ತಾನೇ ಇಸ್ತ್ರಿ ಹಾಕಿದ, ಹೆದರ್ಕೋಬೇಡ ಮಗಳೇ ಗಟ್ಟಿಯಾಗಿ ಮಾತಾಡು ಅಂದ, ಮಾತಾಡಿದೆ, ಹತ್ತು ನಿಮಿಷದ ಹಿಂದೆ, ನಗರಸಭೆಯ ಈ ತುಂಬಿದ ಸಭಾಂಗಣದಲ್ಲಿ, ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಇಬ್ಬರು ರೋಗಿಗಳು, ಊರಿನ ನಲವತ್ತು ದೊಡ್ಡ ಬಂಗಲೆಗಳ ತೆರಿಗೆ ಸ್ವಲ್ಪ ಏರಿಸಿದರೆ ಹೊಸ ವಾರ್ಡೇ ಎದ್ದು ನಿಲ್ಲುತ್ತೆ, ಅವರ ಊಟದಲ್ಲಿ ಒಂದು ತುತ್ತೂ ಕಮ್ಮಿಯಾಗಲ್ಲ ಅಂದೆ, ಜನ ಚಪ್ಪಾಳೆ ತಟ್ಟಿದರು, ಅಪ್ಪನೂ ತಟ್ಟಿದ, ಕಣ್ಣಾರೆ ಕಂಡೆ, ಈಗ ಅದೇ ಕೈ ಮೇಲೆ. ಕೈ ಎಣಿಸುತ್ತಿದ್ದ ಗುಮಾಸ್ತ ಅಪ್ಪನ ಸಾಲಿಗೆ ಬಂದು ನಿಂತ, ಅಧ್ಯಕ್ಷರು ಕನ್ನಡಕ ಏರಿಸಿ ಯಜಮಾನ್ರೇ ಏನಾದ್ರೂ ಹೇಳೋದಿದ್ಯಾ ಅಂದರು, ಬೇಡ ಅಪ್ಪ, ಕೂತುಕೋ, ಎದ್ದೇಬಿಟ್ಟ, ಕೈ ಇಳಿಸದೆಯೇ. ನಮ್ಮ ಧಣಿಗಳು ಇಲ್ಲಿಗೆ ಬಂದಿಲ್ಲ ಸ್ವಾಮಿ, ಅವರ ಪರವಾಗಿ ಒಬ್ರಾದ್ರೂ ಹೇಳ್ಬೇಕಲ್ಲ — ಅಯ್ಯೋ ಅಪ್ಪ, ಮುಂದಿನ ಸಾಲಿನಲ್ಲಿ ಧಣಿಗಳ ವಕೀಲರು ಮೂವರು ಕೂತಿದ್ದಾರೆ, ಅವರಿಗೆ ಇಲ್ಲದ ಉಸಾಬರಿ ನಿನಗೆ — ಮೂವತ್ತೊಂದು ವರ್ಷ ಅವರ ಕಾರು ಓಡಿಸಿದೀನಿ, ಈಗ ಮಾತಾಡಿದ ನರ್ಸು ನನ್ನ ಮಗಳೇ, ಇವಳ ಓದಿಗೆ ನಾಲ್ಕು ವರ್ಷವೂ ಫೀಸು ಕಟ್ಟಿದೋರು ಧಣಿಗಳು, ಯಾವ ಕಾನೂನೂ ಕಟ್ಟು ಅಂದಿರ್ಲಿಲ್ಲ, ಮನಸಾರೆ ಕೊಟ್ರು, ಹಾಗೆ ಕೊಡೋರ ಹತ್ರ ಕಿತ್ಕೊಳ್ಳೋದು ನನಗ್ಯಾಕೋ ಸರಿ ಕಾಣ್ಸಲ್ಲ.

ಸಭೆಗೆ ಸಭೆಯೇ ನನ್ನ ಕಡೆ ತಿರುಗಿತು, ಫೀಸಿಗೆ ಉಳಿತಾಯದ ದುಡ್ಡು ತೆಗೆದೆ ಅಂದಿದ್ದನಲ್ಲ ಅಪ್ಪ, ಏಳು ವರ್ಷ ಅದನ್ನೇ ನಂಬಿದ್ದೆ, ಹಾಗಾದರೆ ಈ ಬಟ್ಟೆ, ಈ ಕೆಲಸ, ಈ ಮೈಕಿನ ಮುಂದೆ ನಿಲ್ಲುವ ಧೈರ್ಯ, ಎಲ್ಲ ಅವರ ಕೃಪೆ, ಅವರಿಲ್ಲದಿದ್ದರೆ ನಾನು ನರ್ಸೇ ಅಲ್ಲ, ನಿಜ, ಆದರೆ ಫೀಸು ಕಟ್ಟಲಾಗದೆ ಎರಡನೇ ವರ್ಷಕ್ಕೇ ಬಿಟ್ಟುಹೋದಳಲ್ಲ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದವಳು, ಓದಿನಲ್ಲಿ ನನಗಿಂತ ಜಾಣೆ, ಅವಳಪ್ಪ ಯಾರ ಕಾರನ್ನೂ ಓಡಿಸುತ್ತಿರಲಿಲ್ಲ, ಅಷ್ಟೇ ಅವಳ ತಪ್ಪು, ಕೊಟ್ಟರೆ ದೊಡ್ಡತನ, ಕಟ್ಟಿ ಅಂದರೆ ಕಿತ್ತುಕೊಂಡ ಹಾಗೆ, ಅಪ್ಪನಿಗೆ ಹೇಗೆ ಹೇಳಲಿ, ಎಷ್ಟೊಂದು ಮರ್ಯಾದೆಯಿಂದ ನಿಂತಿದ್ದಾನೆ. ಮತ್ತೆ ಅಮ್ಮ? ಅಮ್ಮನನ್ನು ಮರೆತೆಯಾ ಅಪ್ಪ? ನಾನು ಓದಿಗೆ ಸೇರಿದ ಅದೇ ವರ್ಷ, ಇದೇ ಸರ್ಕಾರಿ ಆಸ್ಪತ್ರೆ, ಮಂಚ ಖಾಲಿ ಇಲ್ಲ ಅಂತ ಕಾರಿಡಾರಿನಲ್ಲಿ ಚಾಪೆ, ಡ್ರಿಪ್ ನೇತುಹಾಕಲು ಸ್ಟ್ಯಾಂಡೂ ಇಲ್ಲ, ಬಾಟಲಿಯನ್ನು ನೀನೇ ಎತ್ತಿ ಹಿಡಿದು ನಿಂತೆ, ಕೈ ಬದಲಾಯಿಸು ಅಂದರೆ ಕೇಳಲಿಲ್ಲ, ಅಲ್ಲಾಡಿದರೆ ಅವಳಿಗೆ ನೋಯುತ್ತೆ ಅಂದೆ, ಧಣಿಗಳು ದೊಡ್ಡ ಹಣ್ಣಿನ ಬುಟ್ಟಿ ಕಳಿಸಿದ್ದರು, ಅದನ್ನಿಡಲು ಜಾಗವಿರಲಿಲ್ಲ, ಮಧ್ಯಾಹ್ನ ಮೂರಕ್ಕೆ ಅಮ್ಮ ಹೋದಳು, ಬಾಟಲಿಯಿಂದ ನಿನ್ನ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ. ಗುಮಾಸ್ತ ಚೀಟಿ ಕೊಟ್ಟ, ಅಧ್ಯಕ್ಷರು ಓದುತ್ತಿದ್ದಾರೆ, ಪರ ನೂರ ಹನ್ನೆರಡು, ವಿರೋಧ ನೂರ ಮೂವತ್ತು, ಪ್ರಸ್ತಾಪ ಬಿದ್ದುಹೋಗಿದೆ, ಎಲ್ಲರೂ ಕೈ ಇಳಿಸಬಹುದು, ಇಳಿಸುತ್ತಿದ್ದಾರೆ, ಕುರ್ಚಿಗಳು ಕಿರುಗುಟ್ಟುತ್ತಿವೆ, ಒಬ್ಬ ವಕೀಲ ಫೋನಿನಲ್ಲಿ ನಗುತ್ತಿದ್ದಾನೆ, ಅಪ್ಪ ನನ್ನನ್ನೇ ನೋಡುತ್ತಿದ್ದಾನೆ, ಕೈ ಇಳಿಸು ಅಪ್ಪ, ಮುಗಿಯಿತು, ಇಳಿಸು, ಇಳಿಸುತ್ತಿಲ್ಲ, ಆ ಕೈ, ಮೇಲೆ, ನೆಟ್ಟಗೆ, ಅಲ್ಲಾಡದೆ —