ಮಣ್ಣು ಕೊಟ್ಟ ಗಂಟೆ

ಮೊರದ ಜೋಳದಲ್ಲಿ ಹರಳು ಆರಿಸುತ್ತ ಅರ್ಧಕ್ಕೆ ಬಂದಿದ್ದೆ, ಪಾಸ್ಟರ್ ಅನಿಲ ಬಂದು ಕಟ್ಟೆಯ ಮೇಲೆ ಕುಳಿತರು. ಕೈಯಲ್ಲಿ ಬಿಷಪ್ಪರ ನೋಟೀಸು. ಓದಿ ಹೇಳುತ್ತೇನೆ ಎಂದರು. ನನಗೂ ಓದಲು ಬರುತ್ತದೆ ಎಂದು ಇಸಿದುಕೊಂಡೆ.

ಬರುವ ಭಾನುವಾರದೊಳಗೆ ಹಳೆಯ ಚರ್ಚಿನ ಗಂಟೆ ತಂದೊಪ್ಪಿಸದಿದ್ದರೆ ಹರಿಬಾನ ಹೆಸರು ಸಭೆಯ ಪಟ್ಟಿಯಿಂದ ಹೋಗುತ್ತದಂತೆ. ಪಟ್ಟಿಯಲ್ಲಿಲ್ಲದವನಿಗೆ ನಮ್ಮ ಸಮಾಧಿಯ ಜಾಗದಲ್ಲಿ ಮಣ್ಣಿಲ್ಲ. ಹರಿಬಾ ನನ್ನ ತಮ್ಮ. ನಲವತ್ತು ವರ್ಷ ಆ ಗಂಟೆ ಬಾರಿಸಿದವನು, ಈಗ ಹಾಸಿಗೆ ಹಿಡಿದಿದ್ದಾನೆ.

ಮೂರು ವರ್ಷದ ಹಿಂದೆ ಬಿಷಪ್ಪರು ಹಳೆಯ ಚರ್ಚು ಕೆಡವಿಸಿ ಹೊಸದು ಕಟ್ಟಿಸಿದರು. ಬಾಗಿಲ ಮೇಲೆ ಅವರ ಹೆಸರಿನ ಕಲ್ಲು, ಜನರನ್ನು ಕರೆಯಲು ಮೈಕಿನ ಭೋಂಗಾ. ಸೀಳು ಬಿಟ್ಟ ಹಳೆಯ ಗಂಟೆಯನ್ನು ಗುತ್ತೇದಾರ ಮಣ್ಣಿನ ಗುಡ್ಡೆಗೆ ಎಸೆದಿದ್ದ. ದೇವರ ಮನೆಯ ಒಡಕು ಸಾಮಾನನ್ನು ನಮ್ಮವರು ಮಾರುವುದಿಲ್ಲ, ಮನೆಯಲ್ಲೂ ಇಡುವುದಿಲ್ಲ, ಹೂಳುತ್ತಾರೆ. ಹರಿಬಾ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನಮ್ಮವ್ವನ ಸಮಾಧಿಯ ಮಗ್ಗುಲಲ್ಲಿ ಹೂಳಿದ. ಏಳು ಮಂದಿ ಮೂರು ಮೂರು ಹಿಡಿ ಮಣ್ಣು ಕೊಟ್ಟೆವು.

ಆಮೇಲೆ ಬಿಷಪ್ಪರಿಗೆ ಆ ಗಂಟೆಯ ನೆನಪಾಯಿತು. ತಮ್ಮ ಬಂಗಲೆಯಲ್ಲಿ ಗಾಜಿನ ಕಪಾಟು ಮಾಡಿಸಿ ಅದರಲ್ಲಿಡಬೇಕಂತೆ. ಸಿಗಲಿಲ್ಲ, ಬಾರಿಸುತ್ತಿದ್ದವನೇ ಕದ್ದು ಮಾರಿದ್ದಾನೆಂದು ವಿಚಾರಣೆ ಇಟ್ಟರು. ಎರಡು ಸಲ ಕಾರಿನಲ್ಲಿ ಬಂದ ಅವರ ಆಳುಗಳು ಹರಿಬಾನ ಅಟ್ಟದ ತನಕ ತಡಕಿದರು. ಅವನಿಗೆ ಪ್ರಭುಭೋಜನದ ರೊಟ್ಟಿ ನಿಂತಿತು. ನಾನು ಆ ವರ್ಷವೇ ಎಲ್ಲವನ್ನೂ ಬರೆದು ಬಿಷಪ್ಪರಿಗೆ ಕಾಗದ ಮಾಡಿದ್ದೆ. ಹರಿಬಾ ಕಳಿಸಗೊಡಲಿಲ್ಲ.

"ಮಣ್ಣು ಕೊಟ್ಟದ್ದನ್ನ ಮ್ಯಾಲ ತೆಗಿಬಾರದು ಅಕ್ಕಾ. ನಾ ಕಳ್ಳ ಆದರ ಆಗ್ಲಿ."

ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡ. ಕಾಗದ ಟ್ರಂಕಿನಲ್ಲೇ ಉಳಿಯಿತು.

"ಎಲ್ಲಿ ಮಾರ್ಯಾನ ಅಂತ ಹೇಳಿಬಿಡ್ರಿ ಆಯಿ," ಎಂದರು ಪಾಸ್ಟರು. "ಬಿಷಪ್ಪರು ಕ್ಷಮಾ ಮಾಡತಾರ."

"ಮೂರು ವರ್ಷ ಆತು, ಅವರ ಕ್ಷಮಾ ಇನ್ನೂ ಕಾರಿನಿಂದ ಇಳದಿಲ್ಲ."

ಅವರ ಮುಖ ಬಿಗಿಯಿತು. "ಹಂಗಾರ ನಾಳೆ ತಮ್ಮನ್ನ ನಿಮ್ಮ ಹೊಲದಾಗ ಹೂಳಕೋರಿ."

"ಹೊಲ ಇದ್ದಿದ್ದರ ನಿಮ್ಮ ಮಾತು ಯಾಕ ಕೇಳತಿದ್ವಿ?"

ಅವರು ಹೋದ ಮೇಲೆ ಹರಿಬಾನ ಹತ್ತಿರ ಹೋಗಿ, ಆಣೆ ಮುರಿಯುತ್ತೇನೆ ಎಂದೆ. ಅವ್ವನ ಮಗ್ಗುಲು ಬಿಟ್ಟು ಬೇರೆಲ್ಲೋ ಅವನನ್ನು ಹೂಳುವುದು ನನ್ನಿಂದಾಗದು ಎಂದೆ. ಅವನು ಗೋಡೆಯ ಕಡೆ ಹೊರಳಿದ.

ಹಳೆಯ ಕಾಗದದ ಕೆಳಗೆ ಇಷ್ಟು ಸೇರಿಸಿದೆ: 'ಗಂಟೆಗೆ ಏಳು ಮಂದಿ ಮಣ್ಣು ಕೊಟ್ಟಿದ್ದೇವೆ. ಹೆಸರು ತೆಗೆಯುವುದಿದ್ದರೆ ಏಳನ್ನೂ ತೆಗೆಯಿರಿ. ಅವರಲ್ಲಿ ಮೂವರು ಈಗ ಅದರ ಹತ್ತಿರವೇ ಮಲಗಿದ್ದಾರೆ, ಅವರನ್ನು ಹೇಗೆ ಹೊರಗೆ ಹಾಕುತ್ತೀರೋ ನೀವೇ ನೋಡಿಕೊಳ್ಳಿ. ಗಂಟೆ ಬೇಕಾದರೆ ಆಳುಗಳನ್ನು ಕಳಿಸಬೇಡಿ. ನೀವೇ ಸಲಿಕೆ ಹಿಡಿದು ಬನ್ನಿ. ನಾವು ಸುತ್ತ ನಿಂತಿರುತ್ತೇವೆ.'

ಮರುದಿನ ಬೆಳಗಿನ ಬಸ್ಸಿಗೆ ಸಂಖ ಊರಿನ ಪೋಸ್ಟಿಗೆ ಹೋದೆ. ಪೋಸ್ಟಿನ ಹುಡುಗಿ ವಿಳಾಸ ಓದಿ, ನನ್ನ ಮುಖ ನೋಡಿ, ರಜಿಸ್ಟರ್ ಮಾಡಲೇ ಎಂದು ಕೇಳಿದಳು. ಬಿಷಪ್ಪರೇ ಸಹಿ ಮಾಡಿ ತಗೊಳ್ಳುವ ಹಾಗೆ ಮಾಡು ಎಂದೆ. ಅವಳು ಠಸ್ಸೆ ಒತ್ತಿ ಚೀಲಕ್ಕೆ ಹಾಕಿದಳು.